ಬಾಯಿ ಸೊಟ್ಟ ಆದ್ರೆ ಎಲ್ಲಾನೂ ಗಾಳಿ ಬಡಿದಿದ್ದಲ್ಲ: ಮುಖದ ನರದ ಗಡ್ಡೆ ಬಗ್ಗೆ

ನಮ್ಮ ಸೋದರತ್ತೆಗೆ ಮೊದಲು ಶುರುವಾಗಿದ್ದು ಎಡಗಣ್ಣಿನ ಕೆಳಗೆ ಅದುರೋದು. ಹೆಂಗಸರಿಗೆ ಎಡಗಣ್ಣು ಅದುರಿದ್ರೆ ಒಳ್ಳೇದು ಅಂತ ಮನೇಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಎರಡು ಮೂರು ತಿಂಗಳಲ್ಲಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರೋಕೆ ಶುರು ಆಯ್ತು, ಕಾಫಿ ಕುಡಿದ್ರೆ ಸೀರೆ ಮೇಲೆ ಹನಿ, ನಕ್ಕರೆ ಬಾಯಿ ಬಲಗಡೆಗೆ ಎಳ್ಕೊಂಡು ಹೋಗೋದು. ಊರಿಂದ ಬರುವಾಗ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ರಲ್ಲ, ಗಾಳಿ ಬಡಿದಿದೆ ಅಂತ ಒಬ್ರು, ಲಕ್ವ ಅಂತ ಇನ್ನೊಬ್ರು, ನಾಟಿ ಔಷಧಿ ಕೊಡಿಸಿದ್ದೂ ಆಯ್ತು. ಆಮೇಲೆ ತೋರಿಸಿದ ಆಸ್ಪತ್ರೇಲಿ ಬೆಲ್ಸ್ ಪಾಲ್ಸಿ (ಮುಖದ ನರ ದಿಢೀರ್ ಅಂತ ಸೋಲೋ ಕಾಯಿಲೆ) ಅಂತ ಹೇಳಿ ಸ್ಟೀರಾಯ್ಡ್ ಮಾತ್ರೆ ಕೊಟ್ರು, ವಾಸಿ ಆಗ್ಲಿಲ್ಲ, ಮತ್ತೆ ಒಂದು ಕೋರ್ಸ್ ಕೊಟ್ರು. ಹೀಗೆ ಹನ್ನೊಂದು ತಿಂಗಳು ಕಳೀತು. ಕೊನೆಗೆ ಒಬ್ರು ಕಿವಿ ಮೂಗು ಗಂಟಲು ಡಾಕ್ಟರ್ ಎಮ್‌ಆರ್‌ಐ ಮಾಡಿಸಿದಾಗ ಗೊತ್ತಾಗಿದ್ದು, ಮುಖದ ನರದ ಮೇಲೇ ಒಂದು ಸಣ್ಣ ಗಡ್ಡೆ ಇದೆ ಅಂತ.

ನಮಗೆಲ್ಲ ಆಗ ಎದೆ ಧಸಕ್ ಅಂತು. ಅದಕ್ಕಿಂತ ಹೆಚ್ಚು ಗೊಂದಲ ಆಗಿದ್ದು ಆ ಡಾಕ್ಟರ್ ಹೇಳಿದ ಮಾತಿಗೆ. "ಈಗ್ಲೇ ಏನೂ ಮಾಡೋದು ಬೇಡ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡೋಣ." ಗಡ್ಡೆ ಇದೆ ಅಂತ ಗೊತ್ತಾದ್ಮೇಲೂ ತೆಗೆಯದೆ ಸುಮ್ನಿರೋದಾ? ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಓದಿದ್ದು, ಡಾಕ್ಟರ್‌ಗಳನ್ನ ಕೇಳಿ ತಿಳ್ಕೊಂಡಿದ್ದು ಎಲ್ಲ ಇಲ್ಲಿ ಬರೀತಿದೀನಿ, ಯಾಕಂದ್ರೆ ಕನ್ನಡದಲ್ಲಿ ಆಗ ಹುಡುಕಿದಾಗ ನನಗೇನೂ ಸಿಗಲಿಲ್ಲ.

ಮೊದಲು ಈ ನರ ಎಲ್ಲಿ ಹೋಗತ್ತೆ ಅಂತ ಗೊತ್ತಾದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ. ಮೆದುಳಿಂದ ನೇರವಾಗಿ ಹೊರಡೋ ಹನ್ನೆರಡು ಜೊತೆ ನರಗಳಲ್ಲಿ ಇದು ಏಳನೇದು, ಎಡಕ್ಕೊಂದು ಬಲಕ್ಕೊಂದು. ಮೆದುಳಿನ ಬುಡದಿಂದ ಹೊರಟು, ಕಿವಿ ಕೇಳಿಸೋ ಎಂಟನೇ ನರದ ಜೊತೆಜೊತೆಗೇ ಒಳಗಿವಿಯ ಮೂಳೆಗೆ ನುಗ್ಗತ್ತೆ. ಅಲ್ಲಿಂದ ಸುಮಾರು 3 ಸೆಂಟಿಮೀಟರ್ ಉದ್ದ ಇದರ ಪ್ರಯಾಣ ಮೂಳೆ ಒಳಗಿನ ಒಂದು ಕಿರಿದಾದ ಕಾಲುವೇಲಿ, ಗೋಡೆ ಒಳಗೆ ಪೈಪ್ ಹಾಕಿ ವೈರ್ ಎಳೆದಿರ್ತಾರಲ್ಲ ಹಾಗೆ. ಆ ಕಾಲುವೆಯ ಬಾಯಿ ಅಂತೂ ಒಂದು ಮಿಲಿಮೀಟರ್ ಕೂಡ ಅಗಲ ಇಲ್ಲ, 0.7 ಮಿಲಿಮೀಟರ್ ಹತ್ತಿರ. ಸ್ವಲ್ಪ ದೂರ ಹೋದ್ಮೇಲೆ ನರ ಮೊಣಕಾಲು ಮಡಿಸಿದ ಹಾಗೆ ಗಕ್ಕನೆ ತಿರುಗತ್ತೆ, ಆ ತಿರುವಲ್ಲಿ ಒಂದು ನರದ ಗಂಟಿದೆ, ಜೆನಿಕ್ಯುಲೇಟ್ ಗ್ಯಾಂಗ್ಲಿಯಾನ್ ಅಂತಾರೆ. ಈ ಹೆಸರು ನೆನಪಿಟ್ಕೊಳ್ಳಿ, ಗಡ್ಡೆಗಳು ತುಂಬಾ ಇಷ್ಟಪಡೋ ಜಾಗ ಇದೇ. ಅಲ್ಲಿಂದ ಕಿವಿ ತಮಟೆ ಹಿಂದೆ ಹಾದು, ಕಿವಿ ಹಿಂದಿನ ಗಟ್ಟಿ ಮೂಳೆ ಒಳಗೆ ಕೆಳಗಿಳಿದು, ಕಿವಿ ಹಾಲೆ ಕೆಳಗೆ ಹೊರಬಂದು, ಮಂಗನಬಾವು ಬಂದಾಗ ಊದಿಕೊಳ್ಳೋ ಆ ಜೊಲ್ಲಿನ ಗ್ರಂಥಿ ಇದ್ಯಲ್ಲ, ಅದರ ಒಳಗೇ ಐದು ಕವಲಾಗಿ ಹಣೆ, ಕಣ್ಣು, ಕೆನ್ನೆ, ತುಟಿ, ಕತ್ತಿಗೆ ಹರಡ್ಕೊಳ್ಳತ್ತೆ.

ದಾರೀಲಿ ಹೋಗ್ತಾ ಹೋಗ್ತಾ ಇದು ಬೇರೆ ಕೆಲಸಾನೂ ಮಾಡತ್ತೆ. ಒಂದು ಕವಲು ಕಣ್ಣೀರಿಗೆ, ಇನ್ನೊಂದು ಕಿವಿ ಒಳಗಿನ ಒಂದು ಪುಟ್ಟ ಸ್ನಾಯುವಿಗೆ (ಜೋರು ಸದ್ದು ಬಂದಾಗ ಅದನ್ನ ತಗ್ಗಿಸೋ ಕೆಲಸ ಅದರದ್ದು), ಮತ್ತೊಂದು ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಗೆ. ಅತ್ತೆ ಒಂದಷ್ಟು ದಿನದಿಂದ ಮಿಕ್ಸಿ ಹಾಕಿದ್ರೆ ಎಡಗಿವೀಲಿ ಬಡಿದ ಹಾಗಾಗತ್ತೆ, ಸಾರಿಗೆ ಉಪ್ಪು ಒಂದು ಕಡೆ ಮಾತ್ರ ಗೊತ್ತಾಗತ್ತೆ ಅಂತಿದ್ರು, ನಾವು ವಯಸ್ಸಾಯ್ತು ಅಂತ ಬಿಟ್ಟಿದ್ವಿ. ಅವೆಲ್ಲ ಒಂದೇ ನರದ ಮಾತು ಅಂತ ನಮಗೆ ಹೊಳೀಲೇ ಇಲ್ಲ.

ಈಗ ಬಾಯಿ ಸೊಟ್ಟ ಆಗೋ ವಿಷಯಕ್ಕೆ ಬರೋಣ. ಸೊಟ್ಟ ಆದ ತಕ್ಷಣ ಎಲ್ರಿಗೂ ಬರೋ ಭಯ ಸ್ಟ್ರೋಕ್. ಸ್ಟ್ರೋಕಲ್ಲಿ ಸಾಮಾನ್ಯವಾಗಿ ಮುಖದ ಕೆಳಭಾಗ ಮಾತ್ರ ಜೋಲತ್ತೆ, ಹುಬ್ಬು ಮೇಲೆತ್ತಿದ್ರೆ ಹಣೇಲಿ ಎರಡೂ ಕಡೆ ಗೆರೆ ಮೂಡತ್ತೆ, ಯಾಕಂದ್ರೆ ಹಣೆಗೆ ಮೆದುಳಿನ ಎರಡೂ ಕಡೆಯಿಂದ ಅಪ್ಪಣೆ ಬರತ್ತೆ, ಒಂದು ಕಡೆ ಕೆಟ್ರೂ ಇನ್ನೊಂದು ನಡೆಸತ್ತೆ. ನರಕ್ಕೇ ಏಟು ಬಿದ್ದಾಗ ಹಣೆಯಿಂದ ತುಟಿವರೆಗೂ ಅರ್ಧ ಮುಖ ಪೂರ್ತಿ ಸುಮ್ನಾಗತ್ತೆ, ಕಣ್ಣು ಮುಚ್ಚೋಕಾಗಲ್ಲ. ಆದ್ರೆ ಇದನ್ನ ಮನೇಲೇ ಕೂತು ತೀರ್ಮಾನ ಮಾಡ್ಬೇಡಿ, ಹಠಾತ್ತಾಗಿ ಸೊಟ್ಟ ಆದ್ರೆ, ಕೈಕಾಲು ಸೋತ್ರೆ, ಮಾತು ತೊದಲಿದ್ರೆ ಆ ಕ್ಷಣವೇ ಆಸ್ಪತ್ರೆ.

ನರಕ್ಕೆ ಏಟು ಬೀಳೋ ಕಾರಣಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ ಬೆಲ್ಸ್ ಪಾಲ್ಸಿ, ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ 1821ರಲ್ಲಿ ಈ ನರದ ಬಗ್ಗೆ ಬರೆದಿದ್ದರಿಂದ ಆ ಹೆಸರು. ಇದರ ಸ್ವಭಾವ ತುಂಬಾ ಸ್ಪಷ್ಟ: ಬಂದ್ರೆ ದಿಢೀರ್ ಅಂತ ಬರತ್ತೆ, ಎರಡು ಮೂರು ದಿನದೊಳಗೆ ಎಷ್ಟು ಕೆಡಬೇಕೋ ಅಷ್ಟು ಕೆಡತ್ತೆ, ಆಮೇಲೆ ವಾಸಿ ಆಗೋಕೆ ಶುರು ಆಗತ್ತೆ. ಔಷಧಿನೇ ಇಲ್ಲದೆ ಕೂಡ ನೂರಕ್ಕೆ ಸುಮಾರು 70 ಜನ ಪೂರ್ತಿ ಸರಿಹೋಗ್ತಾರೆ, ಮೊದಲ 72 ಗಂಟೆ ಒಳಗೆ ಸ್ಟೀರಾಯ್ಡ್ ಕೊಟ್ರೆ ಇನ್ನೂ ಹೆಚ್ಚು ಜನ. ನಾಟಿ ಔಷಧಿಗೆ ಇಷ್ಟೊಂದು ಹೆಸರು ಬಂದಿರೋದಕ್ಕೂ ಇದೇ ಕಾರಣ ಅಂತ ನನಗನ್ಸತ್ತೆ, ತಾನಾಗೇ ವಾಸಿ ಆಗೋ ಕಾಯಿಲೆಗೆ ಯಾರು ಏನು ಕೊಟ್ರೂ ವಾಸಿ ಆಗತ್ತೆ.

ಗಡ್ಡೆ ಸ್ವಭಾವ ಇದಕ್ಕೆ ಉಲ್ಟಾ. ಅದು ನಿಧಾನ. ಮೂರು ದಿನ ಅಲ್ಲ, ಮೂರು ವಾರ ಆದ್ರೂ ದುರ್ಬಲತೆ ಹೆಚ್ತಾನೇ ಹೋಗ್ತಿದ್ರೆ ಅದು ಬೆಲ್ಸ್ ಪಾಲ್ಸಿ ಆಗಿರೋ ಸಾಧ್ಯತೆ ಕಮ್ಮಿ. ಮೂರ್ನಾಲ್ಕು ತಿಂಗಳಾದ್ರೂ ಒಂದಿಷ್ಟೂ ಚಲನೆ ವಾಪಸ್ ಬರ್ಲಿಲ್ಲ ಅಂದ್ರೆ, ವಾಸಿ ಆಗಿ ಮತ್ತೆ ಅದೇ ಕಡೆ ಬಂದ್ರೆ, ದುರ್ಬಲತೆ ಜೊತೆ ಸ್ನಾಯು ಅದುರ್ತಿದ್ರೆ, ಐದು ಕವಲಲ್ಲಿ ಒಂದೇ ಕವಲು ಸತ್ತಂಗಿದ್ರೆ, ಅದೇ ಕಡೆ ಕಿವಿ ಮಂದ ಆಗ್ತಿದ್ರೆ, ಕಿವಿ ಮುಂದೆ ಅಥವಾ ಕೆಳಗೆ ಗಂಟು ಕೈಗೆ ಸಿಗ್ತಿದ್ರೆ, ಇವುಗಳಲ್ಲಿ ಯಾವ್ದು ಇದ್ರೂ ಸ್ಕ್ಯಾನ್ ಕೇಳಿ. ಸುಮ್ನೆ ಕಣ್ಣು ಅದುರೋದಕ್ಕೆಲ್ಲ ಹೆದರಬೇಕಾಗಿಲ್ಲ, ಅದು ನಿದ್ದೆ ಕೆಟ್ರೂ ಬರತ್ತೆ. ಅದುರೋದ್ರ ಜೊತೆ ಸೋಲೂ ಇದ್ಯಾ ಅನ್ನೋದು ಮುಖ್ಯ. ಇನ್ನೊಂದು ಮಾತು: ನರ ನಿಧಾನಕ್ಕೆ ಒತ್ತಡಕ್ಕೆ ಹೊಂದ್ಕೊಳ್ಳತ್ತೆ, ಅರ್ಧಕ್ಕರ್ಧ ಎಳೆಗಳು ಹಾಳಾಗೋವರೆಗೂ ಮುಖದಲ್ಲಿ ಏನೂ ಕಾಣಿಸದೇ ಇರಬಹುದು. ಹಾಗಾಗಿ ಕನ್ನಡೀಲಿ ಮೊದಲ ಸಲ ಸೊಟ್ಟ ಕಾಣೋ ಹೊತ್ತಿಗೆ ಗಡ್ಡೆ ವರ್ಷಗಳಿಂದ ಅಲ್ಲೇ ಕೂತಿರತ್ತೆ.

ನಮ್ಮ ಹನ್ನೊಂದು ತಿಂಗಳು ಹೋಗಿದ್ದು ಇಲ್ಲೇ. ಯಾವಾಗ ಶುರು ಆಯ್ತು, ಒಂದೇ ದಿನದಲ್ಲಿ ಆಯ್ತಾ ಇಲ್ಲಾ ಮೆಲ್ಲಗೆ ಆಯ್ತಾ ಅನ್ನೋ ಪ್ರಶ್ನೆ ಯಾರೂ ಕೇಳಲಿಲ್ಲ, ನಮಗೂ ಅದು ಹೇಳಬೇಕಾದ ವಿಷಯ ಅಂತ ಗೊತ್ತಿರ್ಲಿಲ್ಲ. ಹಳೇ ಫೋಟೋ ತಗೊಂಡು ಹೋಗಿ ಅಂತ ನಾನು ಈಗ ಎಲ್ರಿಗೂ ಹೇಳ್ತೀನಿ. ಮದುವೆ, ಗೃಹಪ್ರವೇಶದ ಫೋಟೋಗಳನ್ನ ಸಾಲಾಗಿ ಇಟ್ಟು ನೋಡಿದಾಗ ಅತ್ತೆ ನಗು ಯಾವ ತಿಂಗಳಿಂದ ವಾಲ್ತಾ ಬಂತು ಅನ್ನೋದು ನಮಗೇ ಕಾಣಿಸ್ತು.

ಗಡ್ಡೆ ಅಂದ್ರೆ ಎಲ್ಲಾ ಒಂದೇ ಅಲ್ಲ. ಈ ನರದಲ್ಲೇ ಹುಟ್ಟೋದ್ರಲ್ಲಿ ಹೆಚ್ಚಾಗಿ ಸಿಗೋದು ಷ್ವಾನೋಮಾ. ನರದ ಎಳೆಗಳಿಗೆ ಹೊದಿಕೆ ಸುತ್ತೋ ಷ್ವಾನ್ ಜೀವಕೋಶಗಳಿಂದ ಬೆಳೆಯೋ ಗಡ್ಡೆ, ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗೋದೂ ತೀರಾ ಅಪರೂಪ, ಬೆಳವಣಿಗೆ ಆಮೆ ನಡಿಗೆ. ಎಷ್ಟೋ ಜನ ಇದನ್ನ ಇಟ್ಕೊಂಡೇ ಗೊತ್ತಿಲ್ಲದೆ ಬದುಕಿ ಹೋಗ್ತಾರೆ. 1972ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸತ್ತವರ 600 ಕಿವಿ ಮೂಳೆಗಳನ್ನ ಪರೀಕ್ಷೆ ಮಾಡಿದಾಗ 5ರಲ್ಲಿ ಇಂಥ ಗಡ್ಡೆ ಸಿಕ್ಕಿತ್ತು. ಎರಡನೇದು ಹಿಮಾಂಜಿಯೋಮಾ ಅನ್ನೋದು, ರಕ್ತನಾಳಗಳ ಗೊಂಚಲು, ಸಾಮಾನ್ಯವಾಗಿ ಆ ಮೊಣಕಾಲು ತಿರುವಲ್ಲೇ ಕೂರತ್ತೆ. ಇದು ಗಾತ್ರದಲ್ಲಿ ಸಣ್ಣದಿದ್ರೂ ಕೊಡೋ ಕಾಟ ಜಾಸ್ತಿ, ಕೆಲವೇ ಮಿಲಿಮೀಟರ್ ಇದ್ದಾಗ್ಲೇ ಮುಖ ಸೋಲ್ಸಿಬಿಡತ್ತೆ.

ಮೂರನೇ ಗುಂಪೇ ನಿಜವಾಗ್ಲೂ ಭಯ ಪಡಬೇಕಾದ್ದು, ಹೊರಗಿಂದ ನರಕ್ಕೆ ಹತ್ತೋ ಕ್ಯಾನ್ಸರ್. ಕಿವಿ ಮುಂದಿನ ಜೊಲ್ಲಿನ ಗ್ರಂಥಿಯ ಸಾಧಾರಣ ಗಡ್ಡೆಗಳು ಎಷ್ಟು ದೊಡ್ಡದಾದ್ರೂ ಸಾಮಾನ್ಯವಾಗಿ ಮುಖದ ಚಲನೆ ಕೆಡಿಸಲ್ಲ. ಅಲ್ಲಿ ಗಂಟೂ ಇದೆ, ಮುಖವೂ ಸೋತಿದೆ ಅಂದ್ರೆ ಅದು ಕ್ಯಾನ್ಸರ್ ಅಲ್ಲ ಅಂತ ಸಾಬೀತಾಗೋವರೆಗೂ ಕ್ಯಾನ್ಸರ್ ಅಂತಲೇ ಹಿಡಿದು ಓಡಬೇಕು. ಅಡಿನಾಯ್ಡ್ ಸಿಸ್ಟಿಕ್ ಅನ್ನೋ ಜಾತಿ ಕ್ಯಾನ್ಸರ್ ಅಂತೂ ನರದ ಗುಂಟ ಬಳ್ಳಿ ಹಬ್ಬಿದ ಹಾಗೆ ತಲೆಬುರುಡೆ ಬುಡದವರೆಗೂ ಹೋಗತ್ತೆ. ಮುಖದ ಚರ್ಮದ ಕ್ಯಾನ್ಸರ್ ತೆಗೆಸಿ ವರ್ಷಗಳಾದ ಮೇಲೆ ಹೀಗೆ ನರ ಹಿಡಿದು ಬಂದಿರೋದೂ ಉಂಟು, ಹಾಗಾಗಿ ಹಳೇದನ್ನ ಮುಚ್ಚಿಡದೆ ಹೇಳ್ಬೇಕು. ಇನ್ನು ಎನ್‌ಎಫ್2 ಅನ್ನೋ ವಂಶವಾಹಿ ತೊಂದರೆ ಇರೋರಿಗೆ ಷ್ವಾನೋಮಾಗಳು ಒಂದಕ್ಕಿಂತ ಹೆಚ್ಚು ನರಗಳಲ್ಲಿ ಬರತ್ತೆ, ಮುಖ್ಯವಾಗಿ ಎರಡೂ ಕಿವಿ ನರಗಳಲ್ಲಿ, ಅವರ ಲೆಕ್ಕಾಚಾರಾನೇ ಬೇರೆ.

ಸ್ಕ್ಯಾನ್ ವಿಷಯದಲ್ಲಿ ಒಂದು ಪ್ರಾಕ್ಟಿಕಲ್ ಮಾತು. ಸುಮ್ನೆ ಬ್ರೈನ್ ಎಮ್‌ಆರ್‌ಐ ಅಂತ ಬರೆದು ಕಳಿಸಿದ್ರೆ ಈ ಸಣ್ಣ ನರದ ಮೇಲಿನ ಗಡ್ಡೆ ತಪ್ಪಿಹೋಗಬಹುದು. ಗ್ಯಾಡೋಲಿನಿಯಮ್ ಕಾಂಟ್ರಾಸ್ಟ್ (ಸ್ಕ್ಯಾನಲ್ಲಿ ಗಡ್ಡೆ ಎದ್ದು ಕಾಣೋಕೆ ಕೊಡೋ ಇಂಜೆಕ್ಷನ್) ಕೊಟ್ಟು, ತೆಳು ತೆಳುವಾದ ಪದರಗಳಲ್ಲಿ, ಮೆದುಳಿನ ಬುಡದಿಂದ ಜೊಲ್ಲಿನ ಗ್ರಂಥಿವರೆಗೂ ನರದ ಪೂರ್ತಿ ದಾರಿ ನೋಡ್ಬೇಕು. (ಕಿಡ್ನಿ ತೊಂದರೆ ಇರೋರು ಕಾಂಟ್ರಾಸ್ಟ್‌ಗೆ ಮುಂಚೆನೇ ಹೇಳಿ.) ಇದರ ಜೊತೆ ಕಿವಿ ಮೂಳೆಯ ಹೈ ರೆಸಲ್ಯೂಷನ್ ಸಿಟಿ ಸ್ಕ್ಯಾನ್. ಎಮ್‌ಆರ್‌ಐ ಗಡ್ಡೆಯನ್ನ ತೋರಿಸಿದ್ರೆ, ಸಿಟಿ ಆ ಗಡ್ಡೆ ಮೂಳೆಗೆ ಏನು ಮಾಡಿದೆ ಅಂತ ತೋರಿಸತ್ತೆ. ಷ್ವಾನೋಮಾ ಕಾಲುವೆಯನ್ನ ನುಣ್ಣಗೆ ಅಗಲ ಮಾಡ್ಕೊಂಡು ಹೋಗಿರತ್ತೆ, ಹಿಮಾಂಜಿಯೋಮಾ ಅಂಚು ಒರಟಾಗಿ ಜೇನುಗೂಡಿನ ಹಾಗೆ ಕಾಣಬಹುದು, ಕ್ಯಾನ್ಸರ್ ಮೂಳೆಯನ್ನ ತಿಂದು ಹಾಕಿರತ್ತೆ. ಆರೋಗ್ಯವಾದ ಮುಖದ ನರಾನೂ ಕೆಲವು ಕಡೆ ಕಾಂಟ್ರಾಸ್ಟ್ ಹೀರ್ಕೊಂಡು ಸ್ವಲ್ಪ ಹೊಳೆಯತ್ತೆ, ಹಾಗಾಗಿ ರಿಪೋರ್ಟಲ್ಲಿ "ಎನ್‌ಹಾನ್ಸ್‌ಮೆಂಟ್" (ಹೊಳೆಯೋದು) ಅನ್ನೋ ಪದ ಕಂಡ ತಕ್ಷಣ ಗಾಬರಿ ಬೇಡ, ಇಂಥದ್ದನ್ನ ದಿನಾ ನೋಡೋ ರೇಡಿಯಾಲಜಿಸ್ಟ್ ಹತ್ರ ಇನ್ನೊಂದು ಸಲ ಓದಿಸೋದು ಒಳ್ಳೇದು. ಎಷ್ಟು ಕೇಳಿಸತ್ತೆ ಅನ್ನೋಕೆ ಆಡಿಯೋಗ್ರಾಮ್, ನರ ಸ್ನಾಯು ಎಷ್ಟು ಜೀವಂತ ಇದೆ ಅನ್ನೋಕೆ ಇಎಮ್‌ಜಿ ಕೂಡ ಮಾಡ್ತಾರೆ.

ಕೆಲವೊಮ್ಮೆ ಗಡ್ಡೆ ಕಿವಿ ತಮಟೆ ಹಿಂದೆ ಬಿಳಿಯಾಗಿ ಕಾಣತ್ತೆ. ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಅನ್ನೋದು ಸಹಜ, ಆದ್ರೆ ಅದು ನರದ ಷ್ವಾನೋಮಾ ಆಗಿದ್ರೆ ಆ ಒಂದು ಚೂರಿನ ಜೊತೆ ಮುಖದ ಚಲನೆನೂ ಹೋಗಬಹುದು. ಅದಕ್ಕೇ ಅಲ್ಲಿ ಮೊದಲು ಸ್ಕ್ಯಾನ್, ಆಮೇಲೆ ಕೈ. ಜೊಲ್ಲಿನ ಗ್ರಂಥಿಯ ಗಂಟಿಗೆ ಮಾತ್ರ ಸೂಜಿ ಹಾಕಿ ಪರೀಕ್ಷೆ ಮಾಡೋದು ರೂಢಿ, ಅದು ಬೇಕು ಕೂಡ.

ಈಗ ನಮ್ಮ ಮೂಲ ಪ್ರಶ್ನೆ. ಯಾಕೆ ತೆಗೀಬಾರ್ದು?

ಉತ್ತರ ಅರ್ಥ ಆಗ್ಬೇಕಂದ್ರೆ ಒಂದು ಅಳತೆಗೋಲು ಗೊತ್ತಿರ್ಬೇಕು. ಅಮೆರಿಕದ ಹೌಸ್ ಮತ್ತೆ ಬ್ರಾಕ್‌ಮನ್ ಅನ್ನೋ ಇಬ್ರು ಡಾಕ್ಟರ್‌ಗಳು 1985ರಲ್ಲಿ ಮುಖದ ಚಲನೆಗೆ ಆರು ಗ್ರೇಡ್ ಮಾಡಿದ್ರು. ಗ್ರೇಡ್ 1 ಅಂದ್ರೆ ಪೂರ್ತಿ ಸರಿ, ಗ್ರೇಡ್ 6 ಅಂದ್ರೆ ಏನೂ ಅಲ್ಲಾಡಲ್ಲ. ಮಧ್ಯೆ 3 ಅಂದ್ರೆ ವ್ಯತ್ಯಾಸ ಎದ್ದು ಕಾಣತ್ತೆ, ಆದ್ರೂ ಪ್ರಯತ್ನ ಪಟ್ರೆ ಕಣ್ಣು ಪೂರ್ತಿ ಮುಚ್ಚತ್ತೆ. 4 ಅಂದ್ರೆ ಎಷ್ಟು ಪ್ರಯತ್ನ ಪಟ್ರೂ ಕಣ್ಣು ಮುಚ್ಚಲ್ಲ. ಷ್ವಾನೋಮಾ ನರದ ಹೊರಗೆ ಅಂಟ್ಕೊಂಡಿರೋದಲ್ಲ, ನರದ ಎಳೆಗಳ ಮಧ್ಯೆನೇ ಹೆಣೆದುಕೊಂಡಿರತ್ತೆ, ಪೂರ್ತಿ ತೆಗೀಬೇಕು ಅಂದ್ರೆ ಬಹುತೇಕ ಸಲ ನರದ ಆ ತುಂಡನ್ನೇ ಕತ್ತರಿಸಬೇಕು. ಕತ್ತರಿಸಿದ ಜಾಗಕ್ಕೆ ಕತ್ತಿಂದ ಅಥವಾ ಕಾಲಿಂದ ಒಂದು ಸ್ಪರ್ಶದ ನರ ತಂದು ಹೊಲೀತಾರೆ. ಆ ಕಸಿ ಮೂಲಕ ಹೊಸ ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕದಲ್ಲಿ ಬೆಳ್ಕೊಂಡು ಮುಖ ತಲುಪೋಕೆ ಆರು ತಿಂಗಳಿಂದ ಒಂದು ವರ್ಷ, ಅಲ್ಲಿವರೆಗೂ ಅರ್ಧ ಮುಖ ಪೂರ್ತಿ ಸ್ತಬ್ಧ. ಇಷ್ಟೆಲ್ಲ ಆಗಿ, ಎಲ್ಲ ಚೆನ್ನಾಗೇ ನಡೆದ್ರೂ, ಕೊನೆಗೆ ಸಿಗೋ ಅತ್ಯುತ್ತಮ ಫಲಿತಾಂಶ ಗ್ರೇಡ್ 3.

ನಮ್ಮ ಅತ್ತೆ ಆಗ ಇದ್ದಿದ್ದು ಗ್ರೇಡ್ 3ರಲ್ಲಿ. ಅಂದ್ರೆ ದೊಡ್ಡ ಆಪರೇಷನ್ ಮಾಡಿಸಿ, ಒಂದು ವರ್ಷ ಕಾದು, ಈಗ ಎಲ್ಲಿದಾರೋ ಅಲ್ಲಿಗೇ ವಾಪಸ್ ಬರೋದು, ಅದೂ ಅದೃಷ್ಟ ಇದ್ರೆ. ಡಾಕ್ಟರ್ ಇದನ್ನ ಪೇಪರ್ ಮೇಲೆ ಗೆರೆ ಎಳೆದು ತೋರಿಸಿದಾಗ ನಮ್ಮ ಮಾವ "ಹಂಗಾದ್ರೆ ದೇವರು ಕೊಟ್ಟಿರೋ ನರವೇ ನಾವು ಹೊಲಿಸೋ ನರಕ್ಕಿಂತ ವಾಸಿ" ಅಂದ್ರು. ಗಡ್ಡೆ ಹುಡುಕೋದಕ್ಕೆ ಆತುರ ಬೇಕು, ತೆಗೆಯೋದಕ್ಕೆ ತಾಳ್ಮೆ ಬೇಕು, ನನಗೆ ಇದು ಅರ್ಥ ಆಗೋಕೆ ಇಷ್ಟು ದಿನ ಬೇಕಾಯ್ತು.

ಹಾಗಂತ ಕಾಯೋದು ಅಂದ್ರೆ ಮರೆತುಬಿಡೋದಲ್ಲ. ಮೊದಲು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಂದು ಎಮ್‌ಆರ್‌ಐ, ಪ್ರತಿ ಸಲ ಮುಖದ ವಿಡಿಯೋ, ಕಿವಿ ಪರೀಕ್ಷೆ. ಮುಖ 4ಕ್ಕೆ ಜಾರಿದ್ರೆ, ಅಥವಾ ಗಡ್ಡೆ ಬೆಳೆದು ಮೆದುಳಿನ ಬುಡವನ್ನ ಒತ್ತೋಕೆ ಶುರು ಮಾಡಿದ್ರೆ ಲೆಕ್ಕ ಬದಲಾಗತ್ತೆ, ಆಗ ಆಪರೇಷನ್ನಿಂದ ಕಳ್ಕೊಳ್ಳೋದಕ್ಕಿಂತ ಗಳಿಸೋದು ಹೆಚ್ಚು. ಮಧ್ಯದ ದಾರಿಗಳೂ ಇವೆ. ಗಡ್ಡೆನ ಮುಟ್ಟದೆ ಸುತ್ತಲಿನ ಮೂಳೆ ಮಾತ್ರ ಕೊರೆದು ನರಕ್ಕೆ ಉಸಿರಾಡೋಕೆ ಜಾಗ ಮಾಡಿಕೊಡೋದು ಒಂದು, ಇದ್ರಿಂದ ಕೆಲವರಿಗೆ ಇದ್ದ ಚಲನೆ ವರ್ಷಗಟ್ಟಲೆ ಉಳಿಯತ್ತೆ. ಎಳೆಗಳನ್ನ ಬಿಟ್ಟು ಗಡ್ಡೆಯ ಒಂದಷ್ಟು ಭಾಗ ಮಾತ್ರ ತೆಗೆಯೋದು ಇನ್ನೊಂದು. ಬೆಳೀತಿದೆ ಆದ್ರೆ ಮುಖ ಇನ್ನೂ ಚೆನ್ನಾಗಿದೆ ಅನ್ನೋರಿಗೆ ಗಾಮಾ ನೈಫ್ ತರಹದ ರೇಡಿಯೋಸರ್ಜರಿ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ರೂಪಿಸಿದ್ದು, ಹೆಸರಲ್ಲಿ ಚಾಕು ಇದ್ರೂ ಕುಯ್ಯೋದೇನಿಲ್ಲ, ಸುಮಾರು ಇನ್ನೂರು ಕಡೆಯಿಂದ ಬರೋ ಸಣ್ಣ ಸಣ್ಣ ವಿಕಿರಣದ ಗೆರೆಗಳು ಒಂದೇ ಬಿಂದುವಲ್ಲಿ ಸೇರಿ ಕೆಲಸ ಮಾಡತ್ತೆ. ಇದರ ಗುರಿ ಗಡ್ಡೆ ಮಾಯ ಮಾಡೋದಲ್ಲ, ಬೆಳವಣಿಗೆ ನಿಲ್ಲಿಸೋದು. ಮಾಯ ಆಗತ್ತೆ ಅನ್ಕೊಂಡು ಹೋದವರಿಗೆ ಮುಂದಿನ ಸ್ಕ್ಯಾನಲ್ಲಿ ಅದೇ ಗಡ್ಡೆ ಕಂಡಾಗ ತುಂಬಾ ನಿರಾಸೆ ಆಗತ್ತೆ, ಮೊದಲೇ ತಿಳ್ಕೊಂಡಿರಿ.

ಹಿಮಾಂಜಿಯೋಮಾದಲ್ಲಿ ಈ ಕಾಯೋ ಮಾತು ಅಷ್ಟಾಗಿ ಹೊಂದಲ್ಲ, ಅದು ನರದ ಹೊರಗಿಂದ ಒತ್ತುತ್ತಿರೋ ಹಂತದಲ್ಲೇ ತೆಗೆದ್ರೆ ನರ ಉಳಿಸಬಹುದು ಅಂತ ಅನೇಕ ಸರ್ಜನ್‌ಗಳು ಬೇಗ ಮಾಡೋಣ ಅಂತಾರೆ. ಕ್ಯಾನ್ಸರ್ ಆದ್ರಂತೂ ಕಾಯೋ ಪ್ರಶ್ನೆನೇ ಇಲ್ಲ, ಆಪರೇಷನ್, ಬೇಕಾದ್ರೆ ನರ ಸಮೇತ, ಆಮೇಲೆ ರೇಡಿಯೇಷನ್.

ಆಪರೇಷನ್ ಮಾಡೋದೇ ಅಂತಾದ್ರೆ ಕಿವಿ ಕೇಳಿಸ್ತಿದ್ಯಾ ಅನ್ನೋದು ದಾರಿ ತೀರ್ಮಾನಿಸತ್ತೆ. ಒಳಗಿವಿ ಮೂಲಕ ಹೋದ್ರೆ ನರ ಚೆನ್ನಾಗಿ ಕಾಣತ್ತೆ ಆದ್ರೆ ಆ ಕಿವಿ ಕೇಳಿಸೋದು ಶಾಶ್ವತವಾಗಿ ಹೋಗತ್ತೆ, ಕೇಳಿಸ್ತಿರೋರಿಗೆ ಕಿವಿ ಮೇಲಿನ ಬುರುಡೆ ತೆರೆದು ಹೋಗ್ತಾರೆ. ಇಎನ್‌ಟಿ ಮತ್ತೆ ನ್ಯೂರೋಸರ್ಜರಿ ಎರಡೂ ಕಡೆಯವರು ಒಟ್ಟಿಗೆ ಕೂತು ಮಾಡೋ ಜಾಗದಲ್ಲಿ ಮಾಡಿಸಿ.

ಸಮಯದ ಗಡಿಯಾರ ಒಂದು ಇದೆ, ಅದನ್ನ ಹೇಳದೇ ಬಿಟ್ರೆ ತಪ್ಪಾಗತ್ತೆ. ನರದ ಸಂಪರ್ಕ ಪೂರ್ತಿ ಕಡಿದುಹೋದ ಸ್ನಾಯು ಒಂದೂವರೆ ಎರಡು ವರ್ಷದಲ್ಲಿ ಸೊರಗಿಹೋಗತ್ತೆ, ಆಮೇಲೆ ನರ ತಂದು ಜೋಡಿಸಿದ್ರೂ ಅಲ್ಲಾಡಿಸೋಕೆ ಏನೂ ಉಳಿದಿರಲ್ಲ. ಅದಕ್ಕೇ ಪೂರ್ತಿ ಸೋತ ಮುಖವನ್ನ ನೋಡೋಣ ನೋಡೋಣ ಅಂತ ಎಳೀಬಾರ್ದು. ಆ ಅವಧಿ ಒಳಗಿದ್ರೆ ನಾಲಿಗೆ ನರವನ್ನೋ ಅಗಿಯೋ ಸ್ನಾಯುವಿನ ನರವನ್ನೋ ಮುಖದ ನರಕ್ಕೆ ಜೋಡಿಸಬಹುದು, ಆಗ ಹಲ್ಲು ಕಚ್ಚಿದ್ರೆ ತುಟಿ ಏಳತ್ತೆ, ಅಭ್ಯಾಸ ಮಾಡ್ತಾ ಮಾಡ್ತಾ ಅದೇ ನಗು ಆಗತ್ತೆ. ಅವಧಿ ಮೀರಿದ್ರೆ ತೊಡೆಯಿಂದ ಸ್ನಾಯು ತಂದು ಕೆನ್ನೆಗೆ ಕೂರಿಸೋ ಆಪರೇಷನ್ ಇದೆ.

ಇಷ್ಟೆಲ್ಲದರ ಮಧ್ಯೆ ದಿನಾ ನೋಡ್ಕೋಬೇಕಾದ್ದು ಕಣ್ಣು, ಯಾಕಂದ್ರೆ ಮುಖ ಕಾಯತ್ತೆ, ಕಣ್ಣು ಕಾಯಲ್ಲ. ರೆಪ್ಪೆ ಮುಚ್ಚದಿದ್ರೆ ಕರಿಗುಡ್ಡೆ ಒಣಗಿ ಹುಣ್ಣಾಗಿ ದೃಷ್ಟಿನೇ ಹೋಗಬಹುದು. ಹಗಲು ಹೊತ್ತು ಕೃತಕ ಕಣ್ಣೀರಿನ ಹನಿ, ಹೊರಗೆ ಹೋಗುವಾಗ ದೊಡ್ಡ ಕನ್ನಡಕ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್. ತುಂಬಾ ದಿನ ಮುಚ್ಚಲ್ಲ ಅಂತಾದ್ರೆ ಮೇಲ್ರೆಪ್ಪೆ ಒಳಗೆ ಚಿನ್ನದ್ದೋ ಪ್ಲಾಟಿನಮ್ಮದ್ದೋ ಒಂದು ಸಣ್ಣ ತೂಕ ಇಟ್ಟು ಹೊಲೀತಾರೆ, ಆ ಭಾರಕ್ಕೆ ರೆಪ್ಪೆ ತಾನೇ ಇಳಿಯತ್ತೆ. ಕಣ್ಣು ಕೆಂಪಾಗಿ ಚುಚ್ಚಿದ್ರೆ, ಮಂಜಾಗಿ ಕಂಡ್ರೆ ನಾಳೆ ನೋಡೋಣ ಅನ್ಬೇಡಿ, ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ.

ಅತ್ತೆಗೆ ಈಗ ಮೂರು ಸ್ಕ್ಯಾನ್ ಆಗಿದೆ, ಗಡ್ಡೆ ಅಷ್ಟೇ ಇದೆ, ಗ್ರೇಡ್ ಕೂಡ ಅಷ್ಟೇ. ಕಾಫಿನ ಬಲಗಡೆಯಿಂದ ಕುಡಿಯೋದು ರೂಢಿ ಆಗಿದೆ. ರಾತ್ರಿ ಮಲಗೋ ಮುಂಚೆ ಮಾವ ಕಣ್ಣಿಗೆ ಮುಲಾಮು ಹಾಕಿ ಟೇಪ್ ಅಂಟಿಸ್ತಾರೆ, ಮುಂದಿನ ಎಮ್‌ಆರ್‌ಐ ದೀಪಾವಳಿ ಕಳೆದ ಮೇಲೆ.